ಪಿಕಪ್ ಬದಲಾಯಿಸಿ ಬಿಗ್ಸ್‌ಬಿ ಹಾಕಿದ ಮೇಲೆ ಗುಂಯ್ ಸದ್ದು, ತೆಳು ದನಿ, ನಿಲ್ಲದ ಶ್ರುತಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇಎಸ್-335 ಮಾದರಿಯ ಸೆಮಿ-ಹಾಲೋ (ಅರ್ಧ ಟೊಳ್ಳು) ಗಿಟಾರ್ ಇದೆ. ಎರಡು ಬದಿಗೂ ಎಫ್-ಹೋಲ್ (ಎಫ್ ಆಕಾರದ ತೂತು), ನಡುವೆ ಉದ್ದಕ್ಕೂ ಮರದ ಸೆಂಟರ್ ಬ್ಲಾಕ್. ಅದಕ್ಕೆ ಹೊಸ ಹಂಬಕರ್ ಪಿಕಪ್ (ತಂತಿಯ ಕಂಪನ ಹಿಡಿಯೋ ಎರಡು ಕಾಯಿಲ್‌ನ ಸಾಧನ) ಎರಡು ಹಾಕಿದ್ದೇನೆ. ನೆಕ್ ಕಡೆಯದು ಒಂದು ಕಂಪನಿಯದು, ಬ್ರಿಡ್ಜ್ ಕಡೆಯದು ಇನ್ನೊಂದು ಕಂಪನಿಯದು. ಎರಡಕ್ಕೂ ನಾಲ್ಕು ಬಣ್ಣದ ವೈರ್, ಜೊತೆಗೆ ಒಂದು ಬರಿ ವೈರ್. ಆಯಾ ಕಂಪನಿಯ ನಕ್ಷೆ ನೋಡಿಯೇ ಸೋಲ್ಡರ್ ಮಾಡಿದ್ದೇನೆ. ತಂತಿಯ ತುದಿ ಹಿಡಿಯೋ ಸ್ಟಾಪ್ ಟೇಲ್‌ಪೀಸ್ ತೆಗೆದು, ಹಿಡಿಕೆ ಒತ್ತಿ ಸ್ವರ ಅಲುಗಿಸೋ ಬಿಗ್ಸ್‌ಬಿ ಬಿ7 ಕೂರಿಸಿದೆ. ಹಳೆ ಟೇಲ್‌ಪೀಸಿನ ಸ್ಟಡ್, ಮರದೊಳಗಿದ್ದ ಲೋಹದ ಬುಷ್ ಎಲ್ಲಾ ಹೊರಗೆ ಬಂದಿದೆ.

ಈಗ ಮೂರು ತೊಂದರೆ.

ಆಂಪ್ ಹಾಕಿದ ಕೂಡಲೇ ಗುಂಯ್ ಅಂತ ಸದ್ದು. ತಂತಿ ಮುಟ್ಟಿದರೆ ಏನೂ ಬದಲಾಗಲ್ಲ. ಜ್ಯಾಕಿನ ಲೋಹ ಮುಟ್ಟಿದರೆ ಸದ್ದು ಇಳಿಯುತ್ತೆ.

ಒಂದೊಂದೇ ಪಿಕಪ್‌ನಲ್ಲಿ ದನಿ ತುಂಬಾ ಚೆನ್ನಾಗಿದೆ. ಸ್ವಿಚ್ ನಡುವೆ ಇಟ್ಟು ಎರಡೂ ಸೇರಿಸಿದರೆ ತೆಳುವಾಗಿ, ಮೂಗಿನಲ್ಲಿ ಹಾಡಿದ ಹಾಗೆ ಕೇಳುತ್ತೆ. ಕೆಳಸ್ವರ ಎಲ್ಲಾ ಮಾಯ.

ಮೂರನೆಯದು ಶ್ರುತಿ. ಬಿಗ್ಸ್‌ಬಿ ಹಿಡಿಕೆಯನ್ನು ಒತ್ತಿ ಬಿಟ್ಟ ಮೇಲೆ ಶ್ರುತಿ ವಾಪಸ್ ಬರಲ್ಲ. ಮುಂಚೆ ಗಿಟಾರ್ ಗಂಟೆಗಟ್ಟಲೆ ಶ್ರುತಿಯಲ್ಲೇ ಇರ್ತಿತ್ತು. ಲಾಕಿಂಗ್ ಕೀ (ತಂತಿಯನ್ನು ಕಚ್ಚಿ ಹಿಡಿಯೋ ಶ್ರುತಿ ಕೀಲಿ) ಹಾಕಿದರೆ ಸರಿಹೋಗುತ್ತಾ? ಅಥವಾ ಬಿಗ್ಸ್‌ಬಿಯನ್ನೇ ತೆಗೆದುಬಿಡಲಾ?

ಉತ್ತರ

ತೆಗೆಯಬೇಡಿ. ಮೂರೂ ಬೇರೆ ಬೇರೆ ತೊಂದರೆ, ಮೂರಕ್ಕೂ ಕಾರಣ ಹುಡುಕಬಹುದು. ಎಲ್ಲಿ ಅಂತ ಖಚಿತ ಆಗೋವರೆಗೂ ಹೊಸ ಸಾಮಾನು ಯಾವುದನ್ನೂ ತರಬೇಡಿ. ಲಾಕಿಂಗ್ ಕೀ ಕೂಡ.

ಮೊದಲು ಗುಂಯ್ ಸದ್ದು. ನೀವು ಬರೆದ ರೀತಿಯಲ್ಲೇ ಉತ್ತರ ಇದೆ. ತಂತಿ ಮುಟ್ಟಿದರೆ ಬದಲಾಗಲ್ಲ, ಜ್ಯಾಕ್ ಮುಟ್ಟಿದರೆ ಇಳಿಯುತ್ತೆ ಅಂದರೆ ತಂತಿಗಳಿಗೆ ಗ್ರೌಂಡ್ ತಪ್ಪಿದೆ. ಈ ಮಾದರಿಯ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ ಒಂದು ಪಾಟ್‌ನ (ವಾಲ್ಯೂಮ್, ಟೋನ್ ಗುಂಡಿಯ ಕೆಳಗಿನ ಭಾಗ) ಬೆನ್ನಿನಿಂದ ಹೊರಟ ವೈರ್ ಟೇಲ್‌ಪೀಸಿನ ಒಂದು ಬುಷ್ ಕೆಳಗೆ ಬಂದು ಸಿಕ್ಕಿಕೊಂಡಿರುತ್ತೆ. ಬುಷ್‌ನಿಂದ ಸ್ಟಡ್‌ಗೆ, ಸ್ಟಡ್‌ನಿಂದ ಟೇಲ್‌ಪೀಸ್‌ಗೆ, ಅಲ್ಲಿಂದ ತಂತಿಗೆ. ಬುಷ್ ಹೊರಬಂದಾಗ ಆ ದಾರಿಯೇ ಮುಚ್ಚಿಹೋಯ್ತು. ಟಾರ್ಚ್ ಹಿಡಿದು ಎರಡೂ ತೂತಿನ ಒಳಗೆ ನೋಡಿ. ಒಂದರ ಗೋಡೆಯಲ್ಲಿ ತಾಮ್ರದ ತುದಿ ಕಾಣಬೇಕು.

ಏನನ್ನೂ ಬಿಚ್ಚೋ ಮೊದಲು ಒಂದು ಪರೀಕ್ಷೆ ಮಾಡಿ. ಎರಡು ತುದಿಗೂ ಮೊಸಳೆ ಕ್ಲಿಪ್ ಇರೋ ವೈರ್ ತಗೊಳ್ಳಿ. ಒಂದು ತುದಿ ಬಿಗ್ಸ್‌ಬಿಗೆ, ಇನ್ನೊಂದು ಗಿಟಾರ್‌ಗೆ ಸಿಕ್ಕಿಸಿದ ಕೇಬಲ್‌ ಪ್ಲಗ್‌ನ ಹೊರ ಲೋಹಕ್ಕೆ. ತಂತಿ ಮುಟ್ಟಿದಾಗ ಸದ್ದು ಇಳಿದರೆ ಬೇರೆ ಹುಡುಕೋದೇ ಬೇಡ. ಆಂಪ್‌ಗೆ ಸರಿಯಾದ ಅರ್ಥಿಂಗ್ ಇರಬೇಕು ಅನ್ನೋದನ್ನು ಮಾತ್ರ ಮರೀಬೇಡಿ. ತಂತಿ ಮುಟ್ಟಿದಾಗ ಕೈ ಜುಮ್ ಅಂದರೆ ಅಲ್ಲೇ ನಿಲ್ಲಿಸಿ, ಮೊದಲು ಆ ಕರೆಂಟಿನ ತೊಂದರೆ ಸರಿಮಾಡಿಸಿ.

ಎರಡನೆಯದು ಫೇಸ್. ಒಂದು ಪಿಕಪ್‌ನ ಅಲೆ ಮೇಲೆ ಹೋಗುವಾಗ ಇನ್ನೊಂದರದು ಕೆಳಗೆ ಬರ್ತಿದೆ. ಎರಡೂ ಸೇರಿದಾಗ ಒಂದನ್ನೊಂದು ಅಳಿಸುತ್ತವೆ. ಕೆಳಸ್ವರ ಎರಡರಲ್ಲೂ ಒಂದೇ ಥರ ಇರೋದರಿಂದ ಅದೇ ಜಾಸ್ತಿ ಅಳಿದುಹೋಗುತ್ತೆ. ಒಂದೊಂದೇ ಪಿಕಪ್‌ನಲ್ಲಿ ದನಿ ತುಂಬಿಕೊಂಡಿದೆ ಅಂದಿರಲ್ಲ, ಅದು ಒಳ್ಳೆ ಸುದ್ದಿ. ಒಂದೇ ಪಿಕಪ್‌ನ ಎರಡು ಕಾಯಿಲ್ ತಮ್ಮ ನಡುವೆ ತಿರುಗುಮುರುಗಾಗಿದ್ದರೆ ಅದು ಒಂಟಿಯಾಗಿಯೂ ತೆಳುವಾಗಿ ಕೇಳ್ತಿತ್ತು. ಅಂದರೆ ಬಣ್ಣಗಳನ್ನು ನೀವು ಸರಿಯಾಗೇ ಜೋಡಿಸಿದ್ದೀರಿ. ಆಯಾ ಕಂಪನಿಯ ನಕ್ಷೆಯನ್ನೇ ನೋಡಿದ್ದು ಒಳ್ಳೇದಾಯ್ತು. ಸೇಮೋರ್ ಡಂಕನ್ ಕಂಪನಿಯದರಲ್ಲಿ ಕಪ್ಪು ವೈರ್ ಹಾಟ್ (ಸಿಗ್ನಲ್ ಹೋಗೋ ವೈರ್), ಕೆಂಪು-ಬಿಳಿ ಒಟ್ಟಿಗೆ, ಹಸಿರು ಗ್ರೌಂಡ್. ಡಿಮಾರ್ಜಿಯೋದಲ್ಲಿ ಕೆಂಪು ಹಾಟ್, ಕಪ್ಪು-ಬಿಳಿ ಒಟ್ಟಿಗೆ, ಹಸಿರು ಗ್ರೌಂಡ್. ಒಂದರ ನಕ್ಷೆ ಇನ್ನೊಂದಕ್ಕೆ ನಡೆಯಲ್ಲ. ನಕ್ಷೆ ಎರಡೂ ಸರಿ ಇದ್ದರೂ ಎರಡು ಕಂಪನಿಯ ಪಿಕಪ್ ಒಂದೇ ದಿಕ್ಕಿನಲ್ಲಿರಬೇಕು ಅಂತೇನಿಲ್ಲ.

ಖಚಿತ ಮಾಡಿಕೊಳ್ಳೋಕೆ ಗಿಟಾರ್ ಬಿಚ್ಚಬೇಕಿಲ್ಲ. ಗಿಟಾರ್‌ಗೆ ಕೇಬಲ್ ಸಿಕ್ಕಿಸಿ, ಇನ್ನೊಂದು ತುದಿಯ ಪ್ಲಗ್‌ಗೆ ಮಲ್ಟಿಮೀಟರ್ ಹಿಡಿಯಿರಿ. 20 ಕಿಲೋ ಓಮ್‌ಗೆ ಇಡಿ. ವಾಲ್ಯೂಮ್ ಪೂರ್ತಿ ಏರಿಸಿ. ನೆಕ್ ಪಿಕಪ್ ಒಂದನ್ನೇ ಆರಿಸಿ. ಪಿಎಎಫ್ (ಗಿಬ್ಸನ್‌ನ ಹಳೆ ಹಂಬಕರ್) ಮಾದರಿಯದಾದರೆ ಸುಮಾರು 7.5ರಿಂದ 8.5 ಕಿಲೋ ಓಮ್ ತೋರಿಸುತ್ತೆ, ಜೋರು ಔಟ್‌ಪುಟ್‌ನ ಪಿಕಪ್ ಆದರೆ ಇನ್ನೂ ಜಾಸ್ತಿ. ಈಗ ಕಬ್ಬಿಣದ ಸ್ಕ್ರೂಡ್ರೈವರನ್ನು ಪಿಕಪ್ ಮೇಲೆ ಅಡ್ಡ ಇಟ್ಟು ಫಟ್ ಅಂತ ಎತ್ತಿ. ಅಂಕಿ ಒಂದು ಕ್ಷಣ ಮೇಲಕ್ಕೋ ಕೆಳಕ್ಕೋ ಹಾರುತ್ತೆ. ಬ್ರಿಡ್ಜ್ ಪಿಕಪ್‌ಗೂ ಹೀಗೇ ಮಾಡಿ. ಎರಡೂ ಒಂದೇ ಕಡೆ ಹಾರಬೇಕು.

ಶ್ರುತಿ ಬಗ್ಗೆ ನಂಗೆ ಒಂದು ಮಾಹಿತಿ ಬೇಕು. ಒತ್ತಿ ಬಿಟ್ಟ ಮೇಲೆ ಯಾವ ತಂತಿ ಏರುತ್ತೆ, ಯಾವುದು ಇಳಿಯುತ್ತೆ? ಪ್ರತಿ ತಂತಿಯನ್ನೂ ಟ್ಯೂನರ್‌ನಲ್ಲಿ ನೋಡಿ ಬರೆಯಿರಿ. ಎಲ್ಲಾ ಅದರ ಮೇಲೇ ನಿಂತಿದೆ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್ ಸರ್. ಕ್ಲಿಪ್ ಹಾಕಿ ತಂತಿ ಮುಟ್ಟಿದ ಕೂಡಲೇ ಸದ್ದು ನಿಂತಿತು. ತೆಳು ತಂತಿಗಳ ಬದಿಯ ತೂತಿನಲ್ಲಿ ತಾಮ್ರದ ತುದಿಯೂ ಸಿಕ್ಕಿತು. ಮೀಟರ್‌ನಲ್ಲಿ ನೆಕ್ ಮೇಲಕ್ಕೆ ಹಾರಿತು, ಬ್ರಿಡ್ಜ್ ಕೆಳಕ್ಕೆ. ಹಿಡಿಕೆ ಒತ್ತಿ ಬಿಟ್ಟರೆ ಮೂರನೇ ತಂತಿ, ಅಂದರೆ ಜಿ, ಏರಿ ನಿಲ್ಲುತ್ತೆ. ನಾಲ್ಕನೆಯದೂ ಸ್ವಲ್ಪ ಏರುತ್ತೆ. ಆರನೇ ತಂತಿ ಮಾತ್ರ ಇಳಿದಿರುತ್ತೆ. ಉಳಿದವು ಪರವಾಗಿಲ್ಲ.

ಪಿಕಪ್‌ನ ವೈರ್ ಅದಲುಬದಲು ಮಾಡಬೇಕಾದರೆ ಪಾಟ್, ಸ್ವಿಚ್ ಎಲ್ಲಾ ಮತ್ತೆ ಎಫ್-ಹೋಲ್‌ನಿಂದ ಹೊರಗೆ ಎಳೀಬೇಕಾ ಸರ್?

ಉತ್ತರ

ಎಳೀಬೇಕಾಗಿಲ್ಲ. ಬ್ರಿಡ್ಜ್ ಪಿಕಪ್ ಸುತ್ತಲಿನ ಚೌಕಟ್ಟಿನ ನಾಲ್ಕು ಸ್ಕ್ರೂ ಬಿಚ್ಚಿ ಪಿಕಪ್ ಮೇಲೆತ್ತಿ. ಪಿಕಪ್‌ನಿಂದ ನಾಲ್ಕು ಬೆರಳು ದೂರದಲ್ಲಿ ಕೇಬಲ್‌ನ ಹೊರ ಕವಚ ಸೀಳಿ, ಹಾಟ್ ಮತ್ತು ಹಸಿರು ಎರಡನ್ನು ಮಾತ್ರ ಕತ್ತರಿಸಿ. ಅದಲುಬದಲು ಮಾಡಿ ಬೆಸೆಯಿರಿ. ಪ್ರತಿ ಬೆಸುಗೆಗೂ ಶಾಖಕ್ಕೆ ಕುಗ್ಗೋ ಟ್ಯೂಬ್ ಹಾಕಿ. ಅದನ್ನು ಬೆಸೆಯೋ ಮೊದಲೇ ವೈರ್‌ಗೆ ಏರಿಸಿರಬೇಕು. ಬರಿ ವೈರ್ ಮಾತ್ರ ಮುಟ್ಟಬೇಡಿ, ಅದು ಗ್ರೌಂಡ್‌ಗೇ ಇರಲಿ. ಪಿಕಪ್‌ನ ತಳ, ಮೇಲಿನ ಲೋಹದ ಮುಚ್ಚಳ ಎಲ್ಲಾ ಅದಕ್ಕೇ ಸೇರಿರೋದು. ಎರಡು ಪಿಕಪ್‌ನಲ್ಲಿ ಒಂದನ್ನಷ್ಟೇ ತಿರುಗಿಸಿ. ಎರಡನ್ನೂ ತಿರುಗಿಸಿದರೆ ಮತ್ತೆ ಅದೇ ತೆಳು ದನಿ.

ಇದನ್ನು ಓದೋ ಬೇರೆಯವರಿಗೆ ಒಂದು ಮಾತು. ನಿಮ್ಮ ಪಿಕಪ್‌ಗೆ ಹೆಣೆದ ಲೋಹದ ಹೊದಿಕೆಯ ಒಂಟಿ ವೈರ್ ಇದ್ದರೆ ಈ ಉಪಾಯ ಆಗಲ್ಲ. ಆ ಹೊದಿಕೆ ಪಿಕಪ್‌ನ ಮೈಗೇ ಸೇರಿರುತ್ತೆ. ಅದನ್ನು ಹಾಟ್ ಮಾಡಿದರೆ ಪಿಕಪ್ ಮುಟ್ಟಿದಾಗೆಲ್ಲ ಗುಂಯ್ ಅನ್ನುತ್ತೆ. ಅಂಥದರಲ್ಲಿ ಒಳಗಿನ ಮ್ಯಾಗ್ನೆಟ್ಟನ್ನು ಮಗುಚಿ ಹಾಕಬೇಕು. ಗಿಟಾರ್ ವಾದಕ ಪೀಟರ್ ಗ್ರೀನ್ ಅವರ 1959ರ ಲೆಸ್ ಪಾಲ್ ಗಿಟಾರಿನ ಇಂಥದೇ ಪ್ರಸಿದ್ಧ ನಡು ದನಿಗೆ ಕಾರಣವಾದದ್ದು ನೆಕ್ ಪಿಕಪ್‌ನ ಮ್ಯಾಗ್ನೆಟ್ ಮಗುಚಿಕೊಂಡಿದ್ದು. ಹಾಗಾಗಿ ನಿಮ್ಮ ಈಗಿನ ನಡು ದನಿಯನ್ನೂ ಒಂದೆರಡು ಸಲ ನುಡಿಸಿ ಕೇಳಿ, ಇಷ್ಟ ಆದರೆ ಬಿಡಿ. ಸೆಮಿ-ಹಾಲೋದಲ್ಲಿ ಎರಡೂ ಪಿಕಪ್ ಸೇರಿದ ತುಂಬು ದನಿ ನಂಗೆ ತುಂಬಾ ಇಷ್ಟ, ನಾನಾದರೆ ಸರಿಮಾಡ್ತೀನಿ.

ಗ್ರೌಂಡ್‌ಗೆ ಆ ತಾಮ್ರದ ತುದಿಯನ್ನೇ ಬಳಸಿ. ಬುಷ್ಷನ್ನು ವೈರ್ ಒತ್ತೋ ಹಾಗೆ ವಾಪಸ್ ಕೂರಿಸಿ. ಬುಷ್‌ನಿಂದ ಬಿಗ್ಸ್‌ಬಿಯ ತಳದವರೆಗೆ ತಾಮ್ರದ ತೆಳು ಪಟ್ಟಿ ಅಂಟಿಸಿ, ಅದರ ಮೇಲೆ ಬಿಗ್ಸ್‌ಬಿ ಬಂದು ಕೂರಲಿ. ಲೋಹಕ್ಕೆ ಲೋಹ ತಾಗಬೇಕು. ನಡುವೆ ಬಣ್ಣ, ಫೆಲ್ಟ್ ಯಾವುದೂ ಇರಬಾರದು. ಕೊನೆಗೆ ತಂತಿಗೂ ಪ್ಲಗ್‌ನ ಹೊರ ಲೋಹಕ್ಕೂ ಮೀಟರ್ ಹಿಡಿದರೆ ಓಮ್ ಸೊನ್ನೆಗೆ ಹತ್ತಿರ ಇರಬೇಕು. ಬ್ರಿಡ್ಜ್‌ಗೆ ಗ್ರೌಂಡ್ ಕೊಟ್ಟರೂ ನಡೆಯುತ್ತೆ, ಆದರೆ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರೋ ತುಣುಕು) ನೈಲಾನ್‌ದಾದರೆ ಅಲ್ಲಿಂದ ತಂತಿಗೆ ಗ್ರೌಂಡ್ ಸಿಗಲ್ಲ.

ಈಗ ಶ್ರುತಿ. ನಿಮ್ಮ ಪಟ್ಟಿ ನೋಡಿ ಖುಷಿ ಆಯ್ತು, ಎರಡು ಕಡೆ ತಂತಿ ಸಿಕ್ಕಿಕೊಳ್ಳೋದು ಅದರಲ್ಲೇ ಕಾಣ್ತಿದೆ. ಹಿಡಿಕೆ ಒತ್ತಿದಾಗ ತಂತಿ ಸಡಿಲ ಆಗುತ್ತೆ. ಆಗ ಕೀ ಕಡೆಯ ಬಿಗಿತ ಜಾಸ್ತಿ ಇರೋದರಿಂದ ನಟ್‌ನ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರೋ ಪಟ್ಟಿ) ಸೀಳಿನಲ್ಲಿ ತಂತಿ ಒಂದು ಕೂದಲಷ್ಟು ಕೀ ಕಡೆಗೆ ಜಾರುತ್ತೆ. ಹಿಡಿಕೆ ಬಿಟ್ಟಾಗ ಅದು ವಾಪಸ್ ಬರಬೇಕು. ಸೀಳು ಬಿಗಿಯಾಗಿದ್ದರೆ ಬರಲ್ಲ, ಸ್ವರ ಏರಿ ನಿಲ್ಲುತ್ತೆ. ನಿಮ್ಮ ಜಿ, ಡಿ ತಂತಿಗಳ ಕಥೆ ಇದೇ. ಒಂದು ಬದಿಗೆ ಮೂರು ಕೀ ಇರೋ ತಲೆಯಲ್ಲಿ ನಟ್ ದಾಟಿದ ಮೇಲೆ ಪಕ್ಕಕ್ಕೆ ಜಾಸ್ತಿ ಬಾಗೋದು ಈ ಎರಡೇ. ಬ್ರಿಡ್ಜ್‌ನಲ್ಲಿ ಸಿಕ್ಕಿಕೊಂಡರೆ ಇದೇ ಲೆಕ್ಕ ಉಲ್ಟಾ ಆಗುತ್ತೆ. ಒತ್ತಿದಾಗ ಟೇಲ್‌ಪೀಸ್ ಕಡೆಯಿಂದ ಬಂದ ತಂತಿ ವಾಪಸ್ ಹೋಗಲ್ಲ, ಸ್ವರ ಇಳಿದು ನಿಲ್ಲುತ್ತೆ. ಅದು ನಿಮ್ಮ ಆರನೇ ತಂತಿ.

ಪರೀಕ್ಷೆ ಮಾಡಬೇಕಾ? ಜಿ ಏರಿ ನಿಂತಾಗ ನಟ್‌ಗೂ ಕೀಗೂ ನಡುವೆ ಆ ತಂತಿಯನ್ನು ಬೆರಳಿನಲ್ಲಿ ಮೆಲ್ಲಗೆ ಒತ್ತಿ ಬಿಡಿ. ಸ್ವರ ಕದಲಿದರೆ ನಟ್‌ನಲ್ಲೇ ಸಿಕ್ಕಿಕೊಂಡಿದೆ. ಆಮೇಲೆ ತಂತಿ ಸರಿಸಿ, 600 ನಂಬರಿನ ಉಪ್ಪುಕಾಗದವನ್ನು ಮಡಚಿ ಸೀಳಿನ ಎರಡು ಗೋಡೆಯನ್ನು ಮಾತ್ರ ಉಜ್ಜಿ. ತಳ ಉಜ್ಜಬೇಡಿ, ತಂತಿ ತಗ್ಗಿ ಮೊದಲ ಫ್ರೆಟ್‌ಗೆ ತಾಗುತ್ತೆ. ಕೀ ಕಡೆಯ ಅಂಚನ್ನು ಸ್ವಲ್ಪ ಗುಂಡಗೆ ಮಾಡಿ. ಕೊನೆಗೆ ಮೆತ್ತನೆ ಪೆನ್ಸಿಲ್‌ನ ಸೀಸವನ್ನು ಸೀಳಿನಲ್ಲಿ ತಿಕ್ಕಿ. ನಟ್ ಸರಿ ಆಗದೆ ಲಾಕಿಂಗ್ ಕೀ ಹಾಕಿದರೂ ಜಿ ಹೀಗೇ ಏರುತ್ತೆ.

ಆರನೇ ತಂತಿಗೆ ಸ್ಯಾಡಲ್ ನೋಡಿ. ಸುರುಳಿ ಸುತ್ತಿದ ದಪ್ಪ ತಂತಿ, ಸ್ಯಾಡಲ್‌ನ ಚೂಪು ಅಂಚು ಅದರ ಸುರುಳಿಗಳ ನಡುವೆ ಹಿಡಿದುಕೊಳ್ಳುತ್ತೆ. ಅಂಚು ನುಣುಪು ಮಾಡಿ, ಸೀಸ ಹಾಕಿ. ಬಿ7ನಲ್ಲಿ ತಂತಿಯನ್ನು ಕೆಳಕ್ಕೆ ಒತ್ತೋ ಅಡ್ಡ ರೋಲರ್ ಇದೆಯಲ್ಲ, ಅದು ಸಲೀಸಾಗಿ ತಿರುಗಬೇಕು. ಬೆರಳಿನಲ್ಲೇ ತಿರುಗಿಸಿ ನೋಡಿ.

ಇನ್ನೊಬ್ಬರು

ರೋಲರ್ ಬ್ರಿಡ್ಜ್ ಹಾಕಿದರೆ ಸ್ಯಾಡಲ್‌ನ ತೊಂದರೆಯೇ ಇರಲ್ಲ ಅಲ್ವಾ? ನನ್ನ ಗಿಟಾರ್‌ಗೆ ಅದರಿಂದಲೇ ಸರಿಹೋಯ್ತು.

ಉತ್ತರ

ಸರಿಹೋಗುತ್ತೆ, ಅದು ಒಳ್ಳೆ ಸಾಮಾನೇ. ಆದರೆ ಇವರಿಗೆ ಸಿಕ್ಕಿಕೊಳ್ತಿರೋದು ಒಂದೇ ತಂತಿ, ಹಾಗಾಗಿ ಮೊದಲು ಸ್ಯಾಡಲ್ ನುಣುಪು ಮಾಡಿ ನೋಡಲಿ. ಅದಕ್ಕಿಂತ ಬ್ರಿಡ್ಜ್ ಕಂಬ ಅಲುಗಾಡುತ್ತಾ ಅಂತ ನೋಡೋದು ಮುಖ್ಯ. ಹಿಡಿಕೆ ಒತ್ತುವಾಗ ಬ್ರಿಡ್ಜ್ ಪಕ್ಕದಿಂದ ದಿಟ್ಟಿಸಿ ನೋಡಿ. ಇಡೀ ಬ್ರಿಡ್ಜ್ ಮುಂದಕ್ಕೆ ವಾಲಿ ವಾಪಸ್ ಬರದೇ ಇದ್ದರೆ ರೋಲರ್ ಹಾಕಿಯೂ ಪ್ರಯೋಜನ ಇಲ್ಲ. ಕಂಬದ ಥ್ರೆಡ್‌ಗೆ ಪ್ಲಂಬರ್‌ಗಳು ನಲ್ಲಿಗೆ ಸುತ್ತುವ ಬಿಳಿ ಟೇಪ್ ಎರಡು ಸುತ್ತು ಸುತ್ತಿದರೆ ಅಲುಗಾಟ ನಿಲ್ಲುತ್ತೆ. ಇವರ ಗ್ರೌಂಡ್ ಬಿಗ್ಸ್‌ಬಿಯಿಂದ ಬರುತ್ತೆ, ಅದಕ್ಕೆ ಟೇಪ್ ಅಡ್ಡ ಬರಲ್ಲ.

ಪೂರ್ತಿ ಹಾಲೋ ಗಿಟಾರ್ ಇರೋರು, ಉದಾಹರಣೆಗೆ ಎಪಿಫೋನ್ ಕಸೀನೋ, ಬಿ7 ಹಾಕೋ ಮೊದಲು ಯೋಚಿಸಿ. ಬಿ7ನ ಮುಂದಿನ ಸ್ಕ್ರೂಗಳು ಸೆಂಟರ್ ಬ್ಲಾಕನ್ನು ಹಿಡಿದು ನಿಲ್ಲಬೇಕು. ಕಸೀನೋದಲ್ಲಿ ಬ್ಲಾಕ್ ಇಲ್ಲ, ತೆಳು ಪ್ಲೈ ಮಾತ್ರ. ಅಂಥದಕ್ಕೆ ಮೇಲ್ಮೈಗೆ ಸ್ಕ್ರೂ ಬೇಡದ ಬಿ3 ಸರಿ.

ಪ್ರಶ್ನೆ ಕೇಳಿದವರು

ಸರ್, ಎಲ್ಲಾ ಮಾಡಿದೆ. ಗುಂಯ್ ಸದ್ದು ಹೋಯ್ತು. ನಡು ದನಿ ಈಗ ದುಂಡಗೆ, ತುಂಬಿಕೊಂಡು ಬರ್ತಿದೆ. ಜಿ ತಂತಿ ಪ್ರತಿ ಸಲ ಶ್ರುತಿಗೇ ವಾಪಸ್ ಬರುತ್ತೆ. ಆರನೆಯದು ಕೂದಲಷ್ಟು ಇಳಿಯುತ್ತೆ, ಕಿವಿಗೆ ಗೊತ್ತಾಗಲ್ಲ. ಒಂದೇ ಒಂದು ಉಳಿದಿದೆ. ಬ್ರಿಡ್ಜ್ ಪಿಕಪ್ ಒಂದು ಹಂತದ ಮೇಲೆ ಕೆಳಗೆ ಇಳೀತಿಲ್ಲ. ಸ್ಕ್ರೂ ತಿರುಗಿಸಿದರೆ ಬಿಗಿಯಾಗುತ್ತೆ ಅಷ್ಟೇ.

ಉತ್ತರ

ಪಿಕಪ್‌ನ ಎರಡು ಬದಿಯ ಕಾಲು, ಇಲ್ಲಾ ಎತ್ತರದ ಸ್ಕ್ರೂ ತುದಿ, ಸೆಂಟರ್ ಬ್ಲಾಕ್‌ಗೆ ತಾಗ್ತಿದೆ. ಹೊಸ ಪಿಕಪ್‌ನ ಕಾಲು ಹಳೆಯದಕ್ಕಿಂತ ಉದ್ದ ಇದ್ದರೆ ಹೀಗಾಗುತ್ತೆ. ಜಾಸ್ತಿ ಸಲ ಸ್ಕ್ರೂ ತುದಿಯೇ ಕಾರಣ. ಪಿಕಪ್ ಹೊರತೆಗೆದು ಸ್ಕ್ರೂ ಕಾಲಿನಿಂದ ಎಷ್ಟು ಕೆಳಗೆ ಚಾಚಿದೆ ನೋಡಿ, ಅದನ್ನು ಕತ್ತರಿಸಿ ತುದಿ ಅರದಿಂದ ನಯ ಮಾಡಿ. ಕಾಲನ್ನು ಕತ್ತರಿಸಬೇಡಿ, ಸ್ಕ್ರೂ ಹಿಡಿಯೋ ಥ್ರೆಡ್ ಅಲ್ಲೇ ಇರೋದು. ಕಾಲೇ ತಾಗ್ತಿದ್ದರೆ ಬ್ಲಾಕ್‌ನಲ್ಲಿ ಆ ಎರಡು ಜಾಗ ಮಾತ್ರ ಒಂದೆರಡು ಮಿಲಿಮೀಟರ್ ಕೊರೆದರೆ ಸಾಕು.

ಇಳಿದ ಮೇಲೆ ಕೊನೇ ಫ್ರೆಟ್‌ನಲ್ಲಿ ತಂತಿ ಒತ್ತಿ ಅಳೆಯಿರಿ. ಬ್ರಿಡ್ಜ್ ಪಿಕಪ್‌ಗೂ ತಂತಿಗೂ ಸುಮಾರು 1.6 ಮಿಮೀ, ನೆಕ್ ಕಡೆ ಸುಮಾರು 2.4 ಮಿಮೀ. ಅಲ್ಲಿಂದ ಶುರು ಮಾಡಿ, ಆಮೇಲೆ ಎರಡೂ ಪಿಕಪ್ ಒಂದೇ ಜೋರು ಬರೋವರೆಗೂ ಕಿವಿಯಲ್ಲೇ ಹೊಂದಿಸಿ. ಚೌಕಟ್ಟನ್ನು ವಾಪಸ್ ಬಿಗಿಯುವಾಗ ಹೊಸ ಬೆಸುಗೆ ಪಿಕಪ್‌ನ ಕೆಳಗೆ ಜಜ್ಜಿಹೋಗದ ಹಾಗೆ ವೈರನ್ನು ಪಕ್ಕಕ್ಕೆ ಸರಿಸಿಡಿ. ವೈರ್ ಒಳಗಿನಿಂದ ಮೇಲಿನ ಹಲಗೆಗೆ ತಾಗಿದರೆ ಕೆಲವು ಸ್ವರಕ್ಕೆ ಜರ್ ಅನ್ನುತ್ತೆ. ಒಂದು ತುಂಡು ಸ್ಪಾಂಜ್ ಸುತ್ತಿಬಿಡಿ.