ಮಕ್ಕಳ ಎತ್ತರ: ಕೊನೆಯ ಅಂಕಿ ಹೆಚ್ಚಾಗಿ 0 ಮತ್ತು 5. ಎತ್ತರ ಅಳೆಯುವ ಬೋರ್ಡಿನ ತಪ್ಪೋ, ಅಳೆಯುವವರ ತಪ್ಪೋ?

ಪ್ರಶ್ನೆ
ಐದು ವರ್ಷದೊಳಗಿನ ಮಕ್ಕಳ ಪೌಷ್ಟಿಕತೆ ಸಮೀಕ್ಷೆ. ಒಂದು ತಂಡ ಅಳೆದ 200 ಮಕ್ಕಳಲ್ಲಿ 104 ಮಕ್ಕಳ ಎತ್ತರ .0 ಇಲ್ಲವೇ .5ಕ್ಕೆ ನಿಂತಿದೆ. ಅರ್ಧ ಸೆಂಟಿಮೀಟರ್‌ಗೆ ಫಲಿತಾಂಶ ಕೆಡುತ್ತದೆಯೇ? ಏನು ಮಾಡಬೇಕು?

ಉತ್ತರ 1
ಕೊನೆಯ ಸ್ಥಾನದಲ್ಲಿ 0ಯಿಂದ 9ರವರೆಗಿನ ಒಂದೊಂದು ಅಂಕಿಗೂ ಸುಮಾರು 10% ಪಾಲು ಬರಬೇಕು. 0, 5 ಎರಡೂ ಸೇರಿ 200ರಲ್ಲಿ 40ರ ಆಸುಪಾಸು ಸಹಜ. 104 ಅಂದರೆ ಎಷ್ಟೋ ಸಲ ಮಿಲಿಮೀಟರ್ ಗೆರೆಯನ್ನು ಓದಿಯೇ ಇಲ್ಲ. ಗೆರೆ ನೋಡದವರು ಮಗುವಿನ ಹಿಮ್ಮಡಿ, ಮಂಡಿಯನ್ನೂ ನೋಡಿರುವುದಿಲ್ಲ, ನನಗೆ ಆತಂಕ ಅದೇ. ಆ ತಂಡದ ಝಡ್-ಸ್ಕೋರ್‌ಗಳ (ಅದೇ ವಯಸ್ಸಿನ ಆರೋಗ್ಯವಂತ ಮಕ್ಕಳ ಮಧ್ಯಮ ಎತ್ತರದಿಂದ ಮಗು ಎಷ್ಟು ದೂರವಿದೆ ಎಂಬ ಅಂಕಿ) ಪ್ರಮಾಣಿತ ವಿಚಲನೆ, ಅಂದರೆ ಅಂಕಿಗಳ ಹರಡು, ಪ್ರತ್ಯೇಕವಾಗಿ ತೆಗೆಯಿರಿ. ಅಳತೆ ತಪ್ಪಿದಷ್ಟೂ ಅದು ಹಿಗ್ಗುತ್ತದೆ. ಸರಾಸರಿ −1, ವಿಚಲನೆ 1 ಇದ್ದಾಗ −2ಕ್ಕಿಂತ ಕೆಳಗೆ ಬೀಳುವವರು, ಅಂದರೆ ಕುಂಠಿತ ಬೆಳವಣಿಗೆಯವರು, 16%. ಸರಾಸರಿ ಹಾಗೇ ಇದ್ದು ವಿಚಲನೆ 1.5 ಆದರೆ 25%. ಒಂದು ಮಗುವೂ ಕುಗ್ಗದೆ ಕುಂಠಿತ ಬೆಳವಣಿಗೆ ಏರಿದಂತೆ ಕಾಣುತ್ತದೆ.

ಉತ್ತರ 2
ಬೋರ್ಡನ್ನು ಪರೀಕ್ಷಿಸುವುದು ಸುಲಭ: ಉದ್ದ ಗೊತ್ತಿರುವ ಕೋಲನ್ನು ದಿನಾ ಬೆಳಿಗ್ಗೆ ಅದರಲ್ಲಿಟ್ಟು ಅಳೆಯಿರಿ. ಮಣ್ಣಿನ ನೆಲದಲ್ಲಿ ಬೋರ್ಡ್ ಅಲ್ಲಾಡುತ್ತದೆ, ಗಟ್ಟಿ ಹಲಗೆ ಹಾಕಿ. ಜುಟ್ಟು, ಕ್ಲಿಪ್ಪು ಬಿಚ್ಚಿಸಿ. ಒಬ್ಬರು ಮಂಡಿಯೂರಿ ಮಗುವಿನ ಪಾದ, ಮಂಡಿ ಹಿಡಿಯಲಿ. ಇನ್ನೊಬ್ಬರು ತಲೆಹಲಗೆಯನ್ನು ಕೂದಲು ಅದುಮುವಷ್ಟು ಇಳಿಸಿ, ಕಣ್ಣನ್ನು ಗೆರೆಯ ಮಟ್ಟಕ್ಕೇ ತಂದು ಓದಲಿ. "ಎಂಬತ್ತೇಳು ಪಾಯಿಂಟ್ ಮೂರು" ಎಂದು ಓದಿದ್ದನ್ನು ಬರೆಯುವವರು ತಿರುಗಿ ಹೇಳಲಿ.

ಮರುತರಬೇತಿಯಲ್ಲಿ ಅಳೆಯುವ ಒಬ್ಬೊಬ್ಬರಿಂದಲೂ 10 ಮಕ್ಕಳನ್ನು ಎರಡೆರಡು ಸಲ ಅಳೆಸಿ, ಮೊದಲ ಅಳತೆ ಕಾಣದಂತೆ. ವ್ಯತ್ಯಾಸಗಳ ವರ್ಗಗಳನ್ನು ಕೂಡಿ, 20ರಿಂದ (ಒಟ್ಟು ಅಳತೆಗಳ ಸಂಖ್ಯೆ) ಭಾಗಿಸಿ, ವರ್ಗಮೂಲ ತೆಗೆಯಿರಿ. ಬಂದ ಅಂಕಿ 0.6 ಸೆಂ.ಮೀ. ದಾಟಿದವರನ್ನು ಮತ್ತೆ ಅಳೆಯಲು ಊರಿಗೆ ಕಳಿಸಬೇಡಿ.

ಉತ್ತರ 3
ವಯಸ್ಸನ್ನೂ ನೋಡಿ. 12, 24, 36 ತಿಂಗಳಲ್ಲಿ ಮಕ್ಕಳು ಗುಂಪುಗೂಡಿದ್ದರೆ ಹುಟ್ಟಿದ ದಿನ ಕೇಳಿಲ್ಲ. ಮೊದಲು ತಾಯಿ ಕಾರ್ಡ್ ತೆಗೆಸಿ. ಇಲ್ಲದಿದ್ದರೆ ಯುಗಾದಿ, ಊರ ಜಾತ್ರೆ ಹಿಡಿದು ತಿಂಗಳು ಗೊತ್ತುಮಾಡಿ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿಯೇ ಅಳೆಯಬೇಕು. ನಿಲ್ಲಿಸಿ ಅಳೆದಿದ್ದರೆ ಹಾಗೆಂದು ಗುರುತು ಹಾಕಿರಬೇಕು, ಲೆಕ್ಕದಲ್ಲಿ 0.7 ಸೆಂ.ಮೀ. ಕೂಡಿಸಲು ಅದು ಬೇಕು.

ಪ್ರಶ್ನೆ ಕೇಳಿದವರು
ಹಳೆಯ 200 ಅಳತೆಗಳನ್ನು ತಿದ್ದಬಹುದೇ?

ಉತ್ತರ 1
ಬೇಡ. ಕಚೇರಿಯಲ್ಲಿ ಕೂತು ತಿದ್ದಿದ ಅಂಕಿ ಅಳತೆಯಲ್ಲ. ಚೀಟಿ ಎತ್ತಿ 20 ಮನೆ ಆರಿಸಿ, ವಾರದೊಳಗೆ ಬೇರೆ ತಂಡದಿಂದ ಅಳೆಸಿ. ಅಂತರ ಹೆಚ್ಚಿದ್ದರೆ ಎಲ್ಲ 200 ಮಕ್ಕಳನ್ನೂ ಮತ್ತೆ ಅಳೆಯಬೇಕು. ಹಳೆಯ ಫೈಲನ್ನು ಮಾತ್ರ ಅಳಿಸದೆ ಹಾಗೇ ಇಟ್ಟಿರಿ.