ಕಾಲರಾ: ಈ ಹೆಸರು ಬರುವ ಮುಂಚೆ ಏನನ್ನುತ್ತಿದ್ದರು?

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರ ಜಿಲ್ಲೆ, ಮುಳಬಾಗಿಲು ಕಡೆ. ಊರಿನ ಹಿರಿಯರ ಮಾತುಗಳನ್ನು ಬರೆದಿಡುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ನಿಂತಿದ್ದೇನೆ.

ನಮ್ಮಜ್ಜಿ ‘ಕಾಲ್ರ’ ಅಂತಾರೆ. ಕಾಲ ಅಂದರೆ ಯಮ, ಅವನೇ ಬಂದು ಕರಕೊಂಡು ಹೋಗ್ತಿದ್ದ, ಅದಕ್ಕೇ ಆ ಹೆಸರು ಅನ್ನೋದು ಅವರ ನಂಬಿಕೆ. ಬೆಳಿಗ್ಗೆ ಹೊಲಕ್ಕೆ ಹೋದವರು ರಾತ್ರಿಗೆ ಇರುತ್ತಿರಲಿಲ್ಲವಂತೆ. ಹೀಗೆ ಅನಿಸಿದ್ದು ಸಹಜವೇ ಅಲ್ವಾ? ಆದರೆ ಪದದ ಬೇರು ಗ್ರೀಕಿನದು, ‘ಖೋಲೆ’ ಅಂದರೆ ಪಿತ್ತ. ಯುರೋಪಿನಲ್ಲಿ ಮಾಮೂಲಿ ವಾಂತಿಭೇದಿಗೂ ಇದೇ ಹೆಸರಿತ್ತು. 1817ರಲ್ಲಿ ಬಂಗಾಳದ ಜೆಸ್ಸೋರ್ ಕಡೆಯಿಂದ ಪಿಡುಗು ಹಬ್ಬಿದಾಗ ಇಂಗ್ಲಿಷರು ಆ ಹಳೇ ಹೆಸರನ್ನೇ ಅಂಟಿಸಿದರು. ನೀರಿನಿಂದ ಹರಡುತ್ತದೆ ಅಂತ ಜಾನ್ ಸ್ನೋ 1854ರಲ್ಲಿ ಲಂಡನ್ನಿನ ಒಂದು ಬೀದಿ ಪಂಪಿನ ಸುತ್ತ ಸತ್ತವರನ್ನು ಲೆಕ್ಕ ಹಾಕಿ ತೋರಿಸಿದರು. 1884ರಲ್ಲಿ ಕಲ್ಕತ್ತದಲ್ಲಿ ರಾಬರ್ಟ್ ಕಾಖ್ ಅಲ್ಪವಿರಾಮದಂತೆ ಬಾಗಿದ ರೋಗಾಣುವನ್ನು ಬೇರ್ಪಡಿಸಿದರು. ಇಷ್ಟಾದರೂ ಹೆಸರಿನಲ್ಲಿ ಪಿತ್ತ ಹಾಗೇ ಉಳಿಯಿತು.

ಸರಿ, ನಮ್ಮವರು ಮುಂಚೆ ಏನನ್ನುತ್ತಿದ್ದರು? ‘ವಿಷೂಚಿ’ ವೈದ್ಯರ ಪುಸ್ತಕದ ಪದ, ಅಜ್ಜಿ ಕೇಳಿಯೇ ಇಲ್ಲ. ‘ವಾಂತಿಭೇದಿ’ (ನಮ್ಮ ಬಾಯಲ್ಲಿ ‘ವಾಂತಿಬೇದಿ’) ಅಂದರೆ ಅವರು ಒಪ್ಪಲ್ಲ. “ಹಲಸಿನಹಣ್ಣು ಜಾಸ್ತಿ ತಿಂದ್ರೂ ವಾಂತಿಬೇದಿ ಆಗ್ತದೆ. ಅದೇ ಬೇರೆ, ಇದೇ ಬೇರೆ” ಅಂತಾರೆ. ಪತ್ರಿಕೆಗಳ ‘ಕರುಳುಬೇನೆ’ಯೂ ಅಷ್ಟೇ, ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ. ‘ಅಮ್ಮ’ ಅಂದರೆ ಸಿಡುಬು. ತೆಲುಗಿನವರ ‘ಮಹಮ್ಮಾರಿ’ ನಮ್ಮಲ್ಲೂ ಓಡಾಡುತ್ತದೆ, ಆದರೆ ಅದು ಯಾವ ಪಿಡುಗಿಗಾದರೂ ಸಲ್ಲುವ ಮಾತು.

ಮೊನ್ನೆ ಅಜ್ಜಿ ಅಕ್ಕಿ ತೊಳೆದು, ಆ ನೀರನ್ನು ಹಸುವಿನ ಬಾನಿಗೆ ಸುರಿಯುತ್ತಿದ್ದರು. ಸುರಿಯುತ್ತಲೇ ಕೈ ನಿಲ್ಲಿಸಿ, “ನೋಡು, ಇದೇ ತರ ಹೋಗ್ತಿತ್ತು. ಅಕ್ಕಚ್ಚು ಬೇದಿ” ಅಂದರು. ನನಗೆ ಮೈ ಜುಮ್ಮೆಂದಿತು. ಕಾಲರಾದ ಭೇದಿ ಅಕ್ಕಿ ತೊಳೆದ ನೀರಿನ ಹಾಗಿರುತ್ತದೆ ಅಂತಲೇ ಡಾಕ್ಟರರೂ ಹೇಳುವುದು. ಅಜ್ಜಿ ಅದನ್ನು ಯಾವ ಪುಸ್ತಕದಲ್ಲೂ ಓದಿದವರಲ್ಲ, ಕಣ್ಣಾರೆ ಕಂಡವರು.

‘ಅಕ್ಕಚ್ಚು ಬೇದಿ’ ಅನ್ನೋದು ಆ ರೋಗದ ಹೆಸರೇ ಆಗಿತ್ತೋ, ಅಥವಾ ಅಜ್ಜಿ ಆ ಹೊತ್ತಿಗೆ ಸುಮ್ನೆ ಕೊಟ್ಟ ಹೋಲಿಕೆಯೋ? ಪಾವಗಡ, ಮಧುಗಿರಿ, ಗೌರಿಬಿದನೂರು ಕಡೆಯವರು ನಿಮ್ಮ ಮನೆಯ ಹಿರಿಯರನ್ನು ದಯವಿಟ್ಟು ಒಂದು ಮಾತು ಕೇಳಿ. ಅವರು ಹೇಳಿದ್ದನ್ನು ತಿದ್ದದೆ, ಅದೇ ಉಚ್ಚಾರದಲ್ಲಿ ಬರೆದು ಕಳಿಸಿ.