ಹೊಸ ಹಾಡು, ಹೊಸ ಕಾಮಿಕ್ಸ್ ಚಿತ್ರಕಥೆ ನಿಮಗೆ ಎಲ್ಲಿಂದ ಸಿಗುತ್ತದೆ? (ಫೋನ್ ತಾನಾಗಿ ಕೊಟ್ಟದ್ದು ಬಿಟ್ಟು ಹೇಳಿ)

ಬದಿಯಡ್ಕದವಳು:

ಪ್ರಶ್ನೆ ಸಣ್ಣದು, ಪೀಠಿಕೆ ಉದ್ದ. ಸ್ವಲ್ಪ ಸಹಿಸಿಕೊಳ್ಳಿ.

ಕಳೆದ ವಾರ ಬದಿಯಡ್ಕದಿಂದ ಕಾಸರಗೋಡಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ನೆಲ್ಲಿಕಟ್ಟೆ ಹತ್ತಿರ ಡ್ರೈವರ್ ಒಂದು ಹಾಡು ಹಾಕಿದರು. ಮಾಪಿಳ್ಳ ಪಾಟ್ಟು, ಅಂದರೆ ಮಲಬಾರಿನ ಮುಸ್ಲಿಮರ ಹಾಡು, ಅಂತ ಗೊತ್ತಾಯಿತು. ಆದರೆ ಮದುವೆ ಮನೆಯ ಸ್ಪೀಕರಿನಲ್ಲಿ ಬರುವ ಥರದ್ದಲ್ಲ. ಒಬ್ಬರು ವಯಸ್ಸಾದವರ ಸ್ವರ, ಒಂದು ಹಾರ್ಮೋನಿಯಂ. ಹಿಂದಿನಿಂದ ಎರಡು ಮೂರು ಜನ ಸಾಲು ಎತ್ತಿಕೊಳ್ಳುತ್ತಾರೆ, ಅಷ್ಟೇ. ನಾನು ಹಾಡು ಗುರುತಿಸುವ ಆ್ಯಪ್ ತೆರೆದು ಫೋನನ್ನು ಮೇಲಕ್ಕೆ ಹಿಡಿದೆ. ಪಕ್ಕದ ಅಜ್ಜಿ ನಾನು ಅವರ ಫೋಟೋ ತೆಗೆಯುತ್ತಿದ್ದೇನೆ ಅಂತ ಸೆರಗು ಸರಿಮಾಡಿಕೊಂಡರು. ಆ್ಯಪ್ ಮೂರು ಸಲವೂ ಸಿಗಲಿಲ್ಲ ಅಂದಿತು. ಎಡನೀರು ದಾಟುವಾಗ ಹಾಡೇ ಮುಗಿಯಿತು. ಕಂಡಕ್ಟರ್ ಹತ್ತಿರ ಕೇಳಿದೆ. "ಯಾರದ್ದೋ ಎಂತದೋ, ಪೆನ್‌ಡ್ರೈವಿನಲ್ಲಿ ಉಂಟು ಅಕ್ಕ" ಅಂದ.

ಅವತ್ತಿನಿಂದ ನನಗೆ ಅದೇ ತಲೆನೋವು. ಫೋನಿನಲ್ಲಿ ಕೋಟಿಗಟ್ಟಲೆ ಹಾಡು ಇದೆಯಂತೆ. ನನಗೆ ಸಿಗುವುದು ಮಾತ್ರ ನಿನ್ನೆ ಕೇಳಿದ್ದರ ತಮ್ಮ, ಮೊನ್ನೆ ಕೇಳಿದ್ದರ ತಂಗಿ. ಹೀಗೆ ಬೆಚ್ಚಿಬೀಳಿಸುವಂಥದ್ದು ಬಸ್ಸಿನಲ್ಲೇ ಸಿಗಬೇಕು.

ಚಿತ್ರಕಥೆಯದ್ದೂ ಹಾಗೆಯೇ. ನಾನು ಕನ್ನಡ ಮೀಡಿಯಂ. ಮೂರನೇ ಕ್ಲಾಸಿನಲ್ಲಿ ಮಕ್ಕಳ ಪತ್ರಿಕೆ ಬಾಲಮಂಗಳದ ಡಿಂಗ ಅನ್ನುವ ಇಲಿಯ ಮೇಲೆ ಜೀವ ಇಟ್ಟವಳು. ಒಂದು ರಜೆಯಲ್ಲಿ ಚೆರ್ಕಳದ ಮಾವನ ಮನೆಗೆ ಹೋದರೆ ಅಲ್ಲಿ ಮಲಯಾಳದ ಬಾಲಮಂಗಳಂ. ಅದರಲ್ಲೂ ಅದೇ ಇಲಿ, ಹೆಸರು ಮಾತ್ರ ಡಿಂಕನ್! ನಮ್ಮ ಡಿಂಗನನ್ನು ಮಲಯಾಳದವರು ಕದ್ದಿದ್ದಾರೆ ಅಂತ ಭಾವನ ಹತ್ತಿರ ಜಗಳವೇ ಆಯಿತು. ಡಿಂಗ 1983ರಲ್ಲಿ ಮಲಯಾಳದಲ್ಲೇ ಹುಟ್ಟಿ ನಮ್ಮಲ್ಲಿಗೆ ಬಂದವನು ಅಂತ ದೊಡ್ಡವಳಾದ ಮೇಲೆ ತಿಳಿಯಿತು. ಸಾರಿ, ಭಾವ.

ಒಂದು ಕಥೆ ಎರಡೂ ಭಾಷೆಯಲ್ಲಿ ನನ್ನ ಕೈಗೆ ಸಿಕ್ಕಿತ್ತು. ಜಗಲಿಯಲ್ಲಿ ಬೋರಲು ಮಲಗಿ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದೆ. ಚಿತ್ರ ಅದೇ, ಕಥೆ ಗೊತ್ತೇ ಇದೆ, ಅಕ್ಷರ ಮಾತ್ರ ಬೇರೆ. ಹೊಡೆತ ಬಿದ್ದಲ್ಲೆಲ್ಲ ಮಲಯಾಳದಲ್ಲಿ ದೊಡ್ಡದಾಗಿ ಒಂದು ಸೊನ್ನೆ. ಕನ್ನಡದಲ್ಲಿ ನೋಡಿದರೆ ಅದೇ ಜಾಗದಲ್ಲಿ "ಠೋ!" ಅಂದರೆ ಅವರ ಠ ಬರೀ ಸೊನ್ನೆ. ನಮ್ಮದರ ಹಾಗೆ ತಲೆಕಟ್ಟು ಇಲ್ಲ, ಒಳಗೆ ಬೊಟ್ಟೂ ಇಲ್ಲ. ನಾನು ಕಲಿತ ಮೊದಲ ಮಲಯಾಳ ಅಕ್ಷರ ಅದು. ಈಗ ದಿನಕ್ಕೆ ನಲವತ್ತು ಮಲಯಾಳ ಅರ್ಜಿ ತುಂಬಿಸುತ್ತೇನೆ, ಕೇರಳ ಸರಕಾರದ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಕೆಲಸ. ಆದರೂ ಠ ಕಂಡರೆ ಯಾರಿಗೋ ಗುದ್ದು ಬಿದ್ದ ಹಾಗೇ ಆಗುತ್ತದೆ.

ಈಚೆಗೆ ಅಕ್ಕನ ಮಗ ಒಂದು ಬ್ಯಾಂಡ್ ತೋರಿಸಿದ. ಗೊರಿಲ್ಲಾಸ್ ಅಂತ, ಇಂಗ್ಲೆಂಡಿನದ್ದು. ನಾಲ್ಕು ಜನ ಸದಸ್ಯರು, ನಾಲ್ವರೂ ಚಿತ್ರಗಳು! 1998ರಲ್ಲಿ ಒಬ್ಬ ಹಾಡುಗಾರ, ಒಬ್ಬ ಕಾಮಿಕ್ಸ್ ಬರೆಯುವವನು ಸೇರಿ ಶುರು ಮಾಡಿದ್ದಂತೆ. ನಾನು ಹುಟ್ಟಿದ್ದೇ ಇದಕ್ಕಾಗಿ ಅನ್ನಿಸಿತು. ನನಗೆ ಗೊತ್ತಾಗಲು ಇಷ್ಟು ವರ್ಷ ಹಿಡಿಯಿತಲ್ಲ ಅಂತ ಹೊಟ್ಟೆಯೂ ಉರಿಯಿತು.

ಹಾಗಾಗಿ ಕೇಳುವುದು: ನೀವು ಯಾವುದನ್ನು, ಹೇಗೆ ಕಂಡುಕೊಂಡಿರಿ? ಭಾಷೆ ಯಾವುದಾದರೂ ಆಗಬಹುದು. ಬರೀ ಹೆಸರು ಬೇಡ, ಸಿಕ್ಕಿದ ಕಥೆಯೂ ಬೇಕು.

ಉಪ್ಪಳ ಎಕ್ಸ್‌ಪ್ರೆಸ್:

ಅಕ್ಕ, ಫೋನಿಗೆ ಸುಮ್ನೆ ಬೈಬೇಡಿ. ನೀವು ಅದು ಬಡಿಸಿದ್ದನ್ನೇ ಉಣ್ಣುತ್ತಾ ಕೂತಿದ್ದೀರಿ, ಅಡುಗೆಮನೆಗೆ ಹೋಗಿ ನೋಡಿಲ್ಲ. ಬ್ಯಾಂಡ್‌ಕ್ಯಾಂಪ್ ಅಂತ ಒಂದು ಸೈಟ್ ಉಂಟು. ಅಲ್ಲಿ ಹಾಡು ಮಾಡಿದವರೇ ನೇರವಾಗಿ ಮಾರುತ್ತಾರೆ. ಡಿಜಿಟಲ್ ಹಾಡಿಗೆ ಸೈಟಿನವರು ಹಿಡಿಯುವುದು 15 ಶೇಕಡಾ. ಕೆಲವು ಶುಕ್ರವಾರ ಅದನ್ನೂ ಹಿಡಿಯುವುದಿಲ್ಲ, 2020ರ ಕೊರೋನ ಕಾಲದಲ್ಲಿ ಶುರು ಮಾಡಿದ್ದು. ನಾನು ಹಾಡುಗಾರರ ಹೆಸರು ಹುಡುಕುವುದೇ ಇಲ್ಲ, ಊರಿನ ಹೆಸರು ಹೊಡೆಯುತ್ತೇನೆ. ಒಂದು ದಿನ ಕೊಚ್ಚಿ, ಒಂದು ದಿನ ಬೆಂಗಳೂರು. ಹತ್ತರಲ್ಲಿ ಎಂಟು ಮಂಡೆಬಿಸಿ, ಸುಳ್ಳು ಯಾಕೆ ಹೇಳಬೇಕು. ಉಳಿದ ಎರಡಕ್ಕಾಗಿ ರಾತ್ರಿ ಒಂದು ಗಂಟೆವರೆಗೆ ಕೂರುವುದು. ಮರುದಿನ ಕಾಲೇಜಿನ ರೈಲಿನಲ್ಲಿ ನಿದ್ದೆ ಮಾಡಿ ಮಂಗಳೂರು ಜಂಕ್ಷನ್ ದಾಟಿದ್ದೂ ಉಂಟು.

ಹೊಸೂರು ಮಾಯಾವಿ:

ಅಕ್ಕ, ನಿಮ್ಮ ಸೊನ್ನೆ ಕಥೆ ಓದಿ ನನ್ನ ಕಥೆ ಹೇಳದೆ ಇರಲಾಗಲಿಲ್ಲ. ನಮ್ಮದು ತಮಿಳುನಾಡಿನ ಹೊಸೂರು. ಮನೆಯಲ್ಲಿ ಕನ್ನಡ, ಸ್ಕೂಲಲ್ಲಿ ತಮಿಳು. ನಮ್ಮ ಬೀದಿಯ ಕಟಿಂಗ್ ಶಾಪಿನಲ್ಲಿ ಕಾಯುವವರಿಗೆ ಅಂತ ಒಂದು ಕಟ್ಟು ಹಳೆ ಪುಸ್ತಕ ಇಟ್ಟಿರುತ್ತಿದ್ದರು. ಸಿನಿಮಾ ಪತ್ರಿಕೆಗಳ ಅಡಿಯಲ್ಲಿ ರಟ್ಟು ಹರಿದ ಒಂದು ಮುತ್ತು ಕಾಮಿಕ್ಸ್ ಇತ್ತು. ನನ್ನ ಸರದಿ ಬಂದರೂ ಹಿಂದಿನವರನ್ನು ಮುಂದೆ ಕಳಿಸಿ ಓದಿದೆ. ತಲೆ ಕೂದಲು ಹಾಗೇ ಇಟ್ಟುಕೊಂಡು ಮನೆಗೆ ಹೋಗಿ ಬೈಸಿಕೊಂಡೆ.

ಈ ಮುತ್ತು ಕಾಮಿಕ್ಸ್ ಶಿವಕಾಶಿಯದ್ದು. ಹೌದು, ಪಟಾಕಿಯ ಶಿವಕಾಶಿಯೇ. ಅಲ್ಲಿ ಪ್ರೆಸ್ಸುಗಳೂ ಜಾಸ್ತಿ ಅಲ್ವಾ. 1972ರಲ್ಲಿ ಶುರುವಾಯಿತು, ಆಮೇಲೆ 1984ರಲ್ಲಿ ಲಯನ್ ಕಾಮಿಕ್ಸ್. ಮುತ್ತುವಿನ ಮೊದಲ ಪುಸ್ತಕವೇ ಇರುಂಬುಕ್ಕೈ ಮಾಯಾವಿ. ಮೂಲ ಇಂಗ್ಲೆಂಡಿನದ್ದು. ಒಬ್ಬನಿಗೆ ಉಕ್ಕಿನ ಕೈ ಇರುತ್ತದೆ. ಕರೆಂಟ್ ಹೊಡೆಸಿಕೊಂಡರೆ ಮೈಯೆಲ್ಲ ಮಾಯ, ಆ ಕೈ ಮಾತ್ರ ಗಾಳಿಯಲ್ಲಿ ತೇಲುತ್ತದೆ. ನಾನು ಪ್ಲಗ್ಗಿನ ಹತ್ತಿರ ಹೋಗಿ ನಿಂತಿದ್ದೆ. ಅಮ್ಮ ನೋಡಿದ್ದಕ್ಕೆ ಬದುಕಿದೆ.

ಅದಕ್ಕಿಂತ ಮಜಾ ಟೆಕ್ಸ್ ವಿಲ್ಲರ್. ಇಟಲಿಯವರು 1948ರಲ್ಲಿ ಅಮೆರಿಕದ ಕುದುರೆ ಸವಾರನ ಬಗ್ಗೆ ಶುರು ಮಾಡಿದ ಕಥೆ. ಅದನ್ನು ಶಿವಕಾಶಿಯವರು ತಮಿಳಿಗೆ ತರುತ್ತಾರೆ, ನಾನು ಹೊಸೂರಲ್ಲಿ ಕೂತು ಮನಸ್ಸಿನಲ್ಲಿ ಕನ್ನಡ ಮಾಡಿಕೊಂಡು ಓದುತ್ತೇನೆ. ಎಷ್ಟು ಗಡಿ ದಾಟಿ ಬಂದ ಕುದುರೆ ನೋಡಿ. ಚಂದಾ ಕಟ್ಟಿದರೆ ಮನೆಗೇ ಬರುತ್ತದೆ. ಕೊರಿಯರ್ ಬಂದ ದಿನ ನಾನು ಯಾರ ಫೋನೂ ಎತ್ತುವುದಿಲ್ಲ. ಹೊಸ ಕಾಗದದ ವಾಸನೆ ಬೇರೆ.

ಹಾಡು ಬೇಕಾದರೆ ದಿ ಕಾಸ್ಟ್‌ಲೆಸ್ ಕಲೆಕ್ಟಿವ್ ಕೇಳಿ. ಚೆನ್ನೈಯ ಬ್ಯಾಂಡ್, ಗಾನಾ ಹಾಡುವವರು. ಗಾನಾ ಅಂದರೆ ಅಲ್ಲಿನ ಕೇರಿಗಳ ಹಾಡು. ಸಾವಿನ ಮನೆಯಲ್ಲೂ ಹಾಡುತ್ತಾರೆ. ಅದಕ್ಕೆ ರ‍್ಯಾಪ್, ಗಿಟಾರ್ ಸೇರಿಸಿದ್ದಾರೆ. ಮೊದಲ ಸಲ ಕೇಳುವಾಗ ಮಾತು ಅರ್ಥ ಆಗದಿದ್ದರೂ ಪರವಾಗಿಲ್ಲ. ಎರಡನೇ ಸಲ ಮಾತಿಗಾಗಿ ಕೇಳಿ.

ಕುಂಬಳೆ ಪೇಟೆ:

ಆ ಪೆನ್‌ಡ್ರೈವ್ ಹಾಡಿನ ಜಾಡು ನಾನು ಹೇಳುತ್ತೇನೆ. ಬದಿಯಡ್ಕದಲ್ಲಿ ಕೂತು ಎಲ್ಲೆಲ್ಲೋ ಹುಡುಕುವುದು ಎಂತಕ್ಕೆ ಮಾರಾಯ್ರೆ, ಪಕ್ಕದಲ್ಲೇ ಮೊಗ್ರಾಲ್ ಇಲ್ವಾ? ನಮ್ಮ ಕುಂಬಳೆಯ ತೆಂಕಿಗೆ. ಆ ಊರಿಗೆ ಇಶಲ್ ಗ್ರಾಮ ಅಂತಲೇ ಹೆಸರು. ಅಷ್ಟು ಜನ ಮಾಪಿಳ್ಳ ಕವಿಗಳು ಅಲ್ಲಿ ಆಗಿಹೋಗಿದ್ದಾರೆ. ಇಶಲ್ ಅಂದರೆ ಹಾಡಿನ ಧಾಟಿ. ಕೊಂಬು, ತೊಂಗಲ್, ಒಪ್ಪನ ಚಾಯಲ್ ಅಂತೆಲ್ಲ ಒಂದೊಂದಕ್ಕೂ ಹೆಸರು ಉಂಟು. ಪ್ರಾಸಕ್ಕೂ ಬೇರೆ ಹೆಸರು: ಕಂಬಿ, ಕಳುತ್ತು, ವಾಲ್ಕಂಬಿ. ಕಳುತ್ತು ಅಂದರೆ ಕುತ್ತಿಗೆ, ವಾಲ್ ಅಂದರೆ ಬಾಲ, ಎಲ್ಲ ಬಂತು.

ನಾನು ಕಂಡುಕೊಂಡದ್ದು ಹೀಗೆ. ನಮ್ಮ ಅಜ್ಜನಿಗೆ ಯಕ್ಷಗಾನದ ಮರುಳು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಲ್ಲಿ ಹುಟ್ಟಿದ ಮೇಲೆ ಬೇರೆ ದಾರಿ ಇಲ್ಲ. ಮನೆ ತುಂಬ ಪ್ರಸಂಗ ಪುಸ್ತಕ. ಪ್ರತಿ ಪದದ ತಲೆಯ ಮೇಲೆ ರಾಗ, ತಾಳ ಬರೆದಿರುತ್ತದೆ. ಒಮ್ಮೆ ಮೊಗ್ರಾಲಿನ ಗೆಳೆಯನ ಮನೆಯಲ್ಲಿ ಒಂದು ಹಳೆಯ ಹಾಡಿನ ಪುಸ್ತಕ ಬಿಡಿಸಿದೆ. ಅಲ್ಲೂ ಪ್ರತಿ ಹಾಡಿನ ತಲೆಯ ಮೇಲೆ ಇಶಲ್ ಇಂಥದ್ದು ಅಂತ! ನನಗೆ ನಮ್ಮ ಮನೆಯ ಪುಸ್ತಕವನ್ನೇ ಯಾರೋ ಬೇರೆ ಲಿಪಿಯಲ್ಲಿ ಬರೆದ ಹಾಗೆ ಕಂಡಿತು. ಅವನ ಉಪ್ಪ (ಅಪ್ಪ) ಒಂದು ಸಾಲು ಹಾಡಿ ತೋರಿಸಿದರು. ನಾನು ಭಾಗವತರ ಧಾಟಿಯಲ್ಲಿ ಒಂದು ಸಾಲು ಹೇಳಿದೆ. ಚಾ ಆರಿಹೋಯಿತು.

ಶುರು ಮಾಡುವುದಾದರೆ ಮಾಪಿಳ್ಳ ಕವಿ ಮೋಯಿನ್‌ಕುಟ್ಟಿ ವೈದ್ಯರಿಂದ ಮಾಡಿ. ಅವರು ಇಲ್ಲಿಯವರಲ್ಲ, ಕೊಂಡೋಟ್ಟಿಯವರು. ಬದರುಲ್ ಮುನೀರ್, ಹುಸ್ನುಲ್ ಜಮಾಲ್ ಅಂತ ಇಬ್ಬರ ಪ್ರೇಮದ ಕಾವ್ಯವನ್ನು 1872ರಲ್ಲಿ ಬರೆದರು, ಇಪ್ಪತ್ತರ ಪ್ರಾಯದಲ್ಲಿ. ನಲವತ್ತಕ್ಕೆ ತೀರಿಹೋದರು. ನೀವು ಬಸ್ಸಿನಲ್ಲಿ ಕೇಳಿದ್ದು ಅದರದ್ದೇ ಒಂದು ತುಂಡು ಇರಲೂಬಹುದು. ಆ ಪೆನ್‌ಡ್ರೈವ್ ಮಾತ್ರ ಬಿಡಬೇಡಿ.

ಜತ್ತದ ಕೇಳುಗ:

ನಮಸ್ಕಾರ ಅಕ್ಕಾರ. ನಾನು ಮಹಾರಾಷ್ಟ್ರದ ಜತ್ತದವ, ರಿಟೈರ್ ಆದ ಮಾಸ್ತರ. ಕಾಮಿಕ್ಸ್ ನನಗೆ ತಿಳಿಯೂದಿಲ್ಲ, ಮೊಮ್ಮಕ್ಕಳ ಇಲಾಖೆ ಅದು. ಹಾಡಿನ ಮಾತು ಹೇಳತೀನಿ. ಹೊಸದು ಅಂದರೆ ನನ್ನ ಕಿವಿಗೆ ಹೊಸದು, ಅಷ್ಟೇ ನನ್ನ ಲೆಕ್ಕ.

ತಂಬೂರಿ ರಿಪೇರಿಗೆ ಮಿರಜಕ್ಕೆ ಹೋಗಿದ್ದೆ. ಅಲ್ಲಿ ಕುಂಬಳಕಾಯಿ ಬುರುಡೆ ಸಾಲಾಗಿ ತೂಗು ಹಾಕಿರತಾರ, ನೋಡಲಿಕ್ಕೇ ಚಂದ. ಅಂಗಡಿಯವ ತಂತಿ ಬಿಗಿಯುತ್ತ ಅಬ್ದುಲ್ ಕರೀಂ ಖಾನರ ಹಳೇ ರೆಕಾರ್ಡ್ ಹಚ್ಚಿದ. ನಿಮಿಷಕ್ಕೆ 78 ಸುತ್ತಿನ ತಟ್ಟೆ, ಒಂದು ಮಗ್ಗಲಿಗೆ ಮೂರು ನಿಮಿಷದ ಆಸುಪಾಸು. ಏನು ಹಾಡು ಅಂತ ಕಿವಿ ಕೊಟ್ಟರೆ ತ್ಯಾಗರಾಜರ ಕೃತಿ! ಹಿಂದುಸ್ತಾನಿಯ ಕಿರಾಣಾ ಘರಾಣೆಯ ಖಾನಸಾಹೇಬರ ಬಾಯಾಗ ಕರ್ನಾಟಕಿ ರಾಗ ಖರಹರಪ್ರಿಯ. ಅವರು ತೀರಿಕೊಂಡದ್ದು 1937ರಲ್ಲಿ. ನಾನು ಹುಟ್ಟುವುದಕ್ಕಿಂತ ಎಷ್ಟೋ ಮೊದಲಿನ ದನಿ, ನನಗೆ ಅವತ್ತು ಹೊಚ್ಚ ಹೊಸದು. ಅವರ ಗೋರಿ ಮಿರಜದ ದರ್ಗಾದಾಗೇ ಅದ. ಅಲ್ಲೇ ಒಂದು ಗಳಿಗೆ ಕೂತು ಬಂದೆ. ತಂಬೂರಿ ಮರೆತು ಬಸ್ ಹತ್ತಿದ್ದೆ, ಮತ್ತೆ ಇಳಿದು ಹೋಗಿ ತರಬೇಕಾತು.

ಬದಿಯಡ್ಕದವಳು:

ಎಲ್ಲರಿಗೂ ಒಂದೊಂದು ಎಳನೀರಿನ ಬೊಂಡ ಕೆತ್ತಿ ಕೊಡಬೇಕು ಅನ್ನಿಸುತ್ತಿದೆ.

ವರದಿ: ನಿನ್ನೆ ಅದೇ ಹೊತ್ತಿಗೆ ಅದೇ ಬಸ್ ಹಿಡಿದೆ. ಕಂಡಕ್ಟರ್ ನಗಾಡಿದ, ಆದರೆ ಕಾಸರಗೋಡು ಸ್ಟ್ಯಾಂಡಿನಲ್ಲಿ ಬಸ್ ನಿಂತ ಹತ್ತು ನಿಮಿಷದಲ್ಲಿ ಡ್ರೈವರ್ ಪೆನ್‌ಡ್ರೈವ್ ಕಿತ್ತು ಕೊಟ್ಟರು. ನಾನು ಲ್ಯಾಪ್‌ಟಾಪ್ ತಂದಿದ್ದೆ. 212 ಹಾಡು. ಒಂದಕ್ಕೂ ಹೆಸರಿಲ್ಲ, ಎಲ್ಲ "ಟ್ರ್ಯಾಕ್" ಮತ್ತು ನಂಬರ್. ನನ್ನದು 47. ಕುಂಬಳೆಯವರೇ, ನಿಮ್ಮ ಗೆಳೆಯನ ಉಪ್ಪನಿಗೆ ಕೇಳಿಸಲು ಆಗಬಹುದಾ? ಚಾ ಆರುವುದಕ್ಕೆ ನಾನು ಜವಾಬ್ದಾರಿ ಅಲ್ಲ. ಉಳಿದ 211 ಕೇಳುತ್ತಿದ್ದೇನೆ. ನಡುವೆ ಒಂದು ತುಳು ರ‍್ಯಾಪ್, ಒಂದು ಅಯ್ಯಪ್ಪನ ಹಾಡು, ಯಾರದ್ದೋ ಮನೆ ಒಕ್ಕಲಿನ ಭಾಷಣ ಕೂಡ ಉಂಟು.

ಮಾಸ್ತರೇ, ಖರಹರಪ್ರಿಯ ಸಿಕ್ಕಿತು, ಐದು ಸಲ ಕೇಳಿದೆ. ಉಪ್ಪಳದ ತಮ್ಮ, ನೀನು ನಿದ್ದೆ ಮಾಡು.

ಹೊಸೂರಿನ ಅಣ್ಣ, ನನಗೆ ತಮಿಳು ಓದಲು ಬರುವುದಿಲ್ಲ. ಒಂದೇ ಪ್ರಶ್ನೆ: ತಮಿಳಿನಲ್ಲಿ ಹೊಡೆತ ಬಿದ್ದರೆ ಎಂತ ಬರೆಯುತ್ತಾರೆ?

ಹೊಸೂರು ಮಾಯಾವಿ:

ಬಂದೂಕಾದರೆ ಡುಮೀಲ್, ಬಾಂಬಾದರೆ ಡಮಾಲ್. ಡಮಾಲ್‌ನಿಂದ ಶುರು ಮಾಡಿ ಅಕ್ಕ. ಮೊದಲ ಅಕ್ಷರ ಸುಲಭ, ಮೂಲೆಗೆ ಇಟ್ಟ ಈಳಿಗೆಮಣೆಯ ಹಾಗೆ ಇರುತ್ತದೆ: ಒಂದು ನೆಟ್ಟಗೆ, ಒಂದು ಅಡ್ಡ.